ರೆಟ್ರೋದಲ್ಲಿ ಸುಮ್ಮನೆ ಕೂತ ಹುಡುಗ: ಗುಂಪು ಮನುಷ್ಯನನ್ನು ಹೇಗೆ ಬದಲಿಸುತ್ತೆ?

ಕೇಳೋದಕ್ಕಿಂತ ಓದೋದೇ ಅನುಕೂಲ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ.

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ಒಂದು ಟೀಮಿಗೆ ನಾನು ಸ್ಕ್ರಮ್ ಮಾಸ್ಟರ್ ಆಗಿದ್ದೆ. ಎರಡು ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ, ರೆಟ್ರೋ. ಒಂಬತ್ತು ಜನ ಒಂದು ರೂಮಿನಲ್ಲಿ ಕೂತು ಏನು ಚೆನ್ನಾಗಿ ಹೋಯ್ತು, ಏನು ಕೆಟ್ಟಿತು ಅಂತ ಮಾತಾಡೋದು. ಆ ಟೀಮಿನಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ಸೇರಿ ಎಂಟು ತಿಂಗಳಾಗಿತ್ತು. ಕೆಲಸದಲ್ಲಿ ಚುರುಕು, ಆದರೆ ಮೀಟಿಂಗ್‌ನಲ್ಲಿ ಬಾಯಿ ಬಿಡ್ತಿರಲಿಲ್ಲ. ಮಾತೆಲ್ಲ ಹಿಂದಿ, ಮರಾಠಿ, ಇಂಗ್ಲಿಷ್ ಮೂರೂ ಕಲೆಸಿದ ಭಾಷೆಯಲ್ಲಿ, ಬಹಳ ಜೋರಾಗಿ ನಡೀತಿತ್ತು. ಅವನು ನೋಟ್‌ಪ್ಯಾಡ್ ಹಿಡಿದು ಮೂಲೆಯಲ್ಲಿ ಕೂತಿರ್ತಿದ್ದ.

ಒಂದು ಸಲ ರಿಲೀಸ್ ಕೆಟ್ಟು ಎಲ್ಲರೂ ಸುಸ್ತಾಗಿದ್ದರು. ನಾನು ಆಗಷ್ಟೇ ಎರಡು ದಿನದ ಒಂದು ಲೀಡರ್‌ಶಿಪ್ ವರ್ಕ್‌ಶಾಪ್ ಮುಗಿಸಿ ಬಂದಿದ್ದೆ. ಜನರನ್ನ ಅವರ ಕಂಫರ್ಟ್ ಝೋನ್‌ನಿಂದ ಹೊರಗೆ ಎಳೀಬೇಕು ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಅದೇ ಉತ್ಸಾಹದಲ್ಲಿ ಎಲ್ಲರ ಮುಂದೆ ಆ ಹುಡುಗನ ಕಡೆ ತಿರುಗಿ, "ಎಂಟು ತಿಂಗಳಿಂದ ನೋಡ್ತಿದ್ದೀನಿ, ನೀನು ಯಾಕೆ ಒಂದು ಮಾತೂ ಆಡಲ್ಲ? ಟೀಮಿನ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಿದೆ. ಒಬ್ಬರಿಬ್ಬರು ನಕ್ಕರು. ಅವನೂ ನಕ್ಕ. "ಹಾಗೇನಿಲ್ಲ ಸರ್" ಅಂದ. ನಾನು ಬಿಡಲಿಲ್ಲ, ಮತ್ತೆರಡು ಸಲ ಕೇಳಿದೆ. ಕೊನೆಗೆ ಏನೋ ಎರಡು ವಾಕ್ಯ ಹೇಳಿದ. ಇವತ್ತು ಒಬ್ಬನ ಮೌನ ಮುರಿದೆ ಅಂತ ನನಗೆ ಒಳಗೊಳಗೇ ಖುಷಿ.

ಎರಡು ತಿಂಗಳಲ್ಲಿ ಅವನು ರಾಜೀನಾಮೆ ಕೊಟ್ಟ. ಒಳ್ಳೆ ಆಫರ್ ಸಿಕ್ಕಿರಬೇಕು ಅಂದುಕೊಂಡೆ. ಅದಾಗಿ ಎಷ್ಟೋ ದಿನದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡೀತಾ ಟೀಮಿನವರೊಬ್ಬರು ಹೇಳಿದರು: ಆ ರೆಟ್ರೋ ಆದ ದಿನದಿಂದ ಅವನು ನಮ್ಮ ಜೊತೆ ಊಟಕ್ಕೆ ಬರೋದನ್ನೇ ಬಿಟ್ಟಿದ್ದ, ನಮಗೆಲ್ಲ ಗೊತ್ತಿತ್ತು, ನಿಮಗೆ ಗೊತ್ತಾಗಲೇ ಇಲ್ವಾ?

ಗೊತ್ತಾಗಿರಲಿಲ್ಲ. ಗುಂಪನ್ನ ನಡೆಸ್ತಿದ್ದ ನನ್ನ ಒಬ್ಬನಿಗೇ ಗೊತ್ತಾಗಿರಲಿಲ್ಲ. ಇದು ಹೇಗೆ ಸಾಧ್ಯ ಅಂತ ಹುಡುಕ್ತಾ ಹೋದಾಗ ನನಗೆ ಸಿಕ್ಕ ವಿಷಯಗಳೇ ಇವತ್ತಿನ ಮಾತು. ಗುಂಪಿನಲ್ಲಿ ಕೂತಾಗ ಮನುಷ್ಯನ ಅರಿವು ಬೆಳೆಯೋದು ಹೇಗೆ? ಗುಂಪು ನಡೆಸೋರ ಕೆಲಸ ನಿಜವಾಗಿ ಏನು? ಅದೇ ಗುಂಪು ಒಬ್ಬರನ್ನ ಮುರಿದು ಹಾಕೋದು ಯಾವಾಗ?

1946ರ ಬೇಸಿಗೆಯ ಒಂದು ಸಂಜೆ

ನಾವು ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಬಳಸೋ ಫೀಡ್‌ಬ್ಯಾಕ್ ಅನ್ನೋ ಪದ ಮೂಲತಃ ಎಂಜಿನಿಯರ್‌ಗಳದ್ದು. ಯಂತ್ರದ ಔಟ್‌ಪುಟ್‌ನ ಒಂದು ಪಾಲನ್ನ ತಿರುಗಿ ಇನ್‌ಪುಟ್‌ಗೆ ಕೊಟ್ಟು, ಯಂತ್ರ ತನ್ನನ್ನ ತಾನೇ ಸರಿಮಾಡಿಕೊಳ್ಳೋ ಹಾಗೆ ಮಾಡೋದು ಅಂತ ಅದರ ಅರ್ಥ. ಆ ಪದವನ್ನ ಮನುಷ್ಯರ ಗುಂಪಿಗೆ ತಂದವರಲ್ಲಿ ಮುಖ್ಯರು ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರು.

ಲೆವಿನ್ ಯಹೂದಿ ಮನಃಶಾಸ್ತ್ರಜ್ಞ. ಬರ್ಲಿನ್‌ನಲ್ಲಿ ಪಾಠ ಮಾಡ್ತಿದ್ದವರು, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದರು. ಅವರ ತಾಯಿ ಮುಂದೆ ನಾಜಿಗಳ ಕೈಯಲ್ಲಿ ಸತ್ತರು. ಒಂದು ಇಡೀ ಸಮಾಜ ಇನ್ನೊಂದು ಗುಂಪಿನ ಮೇಲೆ ದ್ವೇಷ ತುಂಬಿಕೊಳ್ಳೋದು ಹೇಗೆ, ಅದನ್ನ ಕಡಿಮೆ ಮಾಡೋದು ಹೇಗೆ ಅನ್ನೋ ಪ್ರಶ್ನೆ ಅವರಿಗೆ ಬರೀ ಪುಸ್ತಕದ ಪ್ರಶ್ನೆ ಆಗಿರಲಿಲ್ಲ.

1946ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ಜನಾಂಗೀಯ ಸೌಹಾರ್ದ ಆಯೋಗ ಅವರನ್ನ ಕರೆಸಿತು. ನ್ಯೂ ಬ್ರಿಟನ್ ಅನ್ನೋ ಊರಿನ ಶಿಕ್ಷಕರ ಕಾಲೇಜಿನಲ್ಲಿ ಒಂದು ಶಿಬಿರ. ಬಂದವರು ನಲವತ್ತರಷ್ಟು ಜನ, ಹೆಚ್ಚಿನವರು ಶಿಕ್ಷಕರು ಮತ್ತು ಸಮಾಜ ಕಾರ್ಯಕರ್ತರು. ಹಗಲು ಹೊತ್ತು ಸಣ್ಣ ಸಣ್ಣ ಗುಂಪುಗಳಲ್ಲಿ ಚರ್ಚೆ. ಪ್ರತಿ ಗುಂಪಿನಲ್ಲೂ ಒಬ್ಬ ಸಂಶೋಧಕ ಸುಮ್ಮನೆ ಕೂತು ಯಾರು ಏನಂದರು, ಯಾರು ಯಾರ ಮಾತನ್ನ ತಡೆದರು ಅಂತ ಬರೆದುಕೊಳ್ತಿದ್ದರು. ಸಂಜೆ ಶಿಬಿರ ನಡೆಸೋರೆಲ್ಲ ಸೇರಿ ಆ ಟಿಪ್ಪಣಿಗಳನ್ನ ಓದಿ ಚರ್ಚೆ ಮಾಡ್ತಿದ್ದರು.

ಒಂದು ಸಂಜೆ ಶಿಬಿರಾರ್ಥಿಗಳಲ್ಲಿ ಕೆಲವರು ಬಂದು, ನಾವೂ ಕೂತು ಕೇಳಬಹುದಾ ಅಂದರು. ಅಲ್ಲಿದ್ದವರಿಗೆ ಮುಜುಗರ. ಅವರ ಬಗ್ಗೆಯೇ ಮಾತಾಡಬೇಕು, ಅವರನ್ನೇ ಎದುರಿಗೆ ಕೂರಿಸಿಕೊಂಡು ಹೇಗೆ? ಲೆವಿನ್ ಮಾತ್ರ ಬನ್ನಿ ಅಂದರು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಸಂಶೋಧಕರು ಅಲ್ಲೇ ಕೂತಿದ್ದ ಒಬ್ಬ ಮಹಿಳೆ ಆ ದಿನ ಗುಂಪಿನಲ್ಲಿ ನಡೆದುಕೊಂಡ ರೀತಿಯನ್ನ ಓದಿದರು. ಆಕೆ ತಡೆದು, ಇಲ್ಲ, ಅದು ಹಾಗೆ ಆಗಲಿಲ್ಲ ಅಂದರು. ಆಕೆ ಕಂಡಿದ್ದೇ ಬೇರೆ, ನೋಡಿದವರು ಬರೆದಿದ್ದೇ ಬೇರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾತು ಶುರುವಾಯ್ತು. ಲೆವಿನ್‌ಗೆ ಭಾರಿ ಉತ್ಸಾಹ. ಮರುದಿನದಿಂದ ಸಂಜೆ ಸಭೆಗೆ ಹೆಚ್ಚುಕಡಿಮೆ ಶಿಬಿರದವರೆಲ್ಲ ಬರತೊಡಗಿದರು. ಹಗಲಿನ ಪಾಠಕ್ಕಿಂತ ಸಂಜೆಯ ಈ ಮಾತೇ ಜನರನ್ನ ಹೆಚ್ಚು ತಟ್ಟಿತು.

ಅಲ್ಲಿ ಹೊಳೆದ ವಿಷಯ ಸರಳ. ಮನುಷ್ಯ ತನ್ನ ಬಗ್ಗೆ ಕಲಿಯಬೇಕಾದ್ದು ಉಪನ್ಯಾಸದಲ್ಲಿ ಸಿಗಲ್ಲ. ಈಗ, ಇಲ್ಲಿ, ನಮ್ಮ ನಡುವೆ ಏನಾಯ್ತು ಅನ್ನೋದನ್ನ ಎಲ್ಲರೂ ಕೂತು ಒಟ್ಟಿಗೆ ನೋಡಿದಾಗ ಸಿಗುತ್ತೆ.

1947ರ ಫೆಬ್ರವರಿಯಲ್ಲಿ ಲೆವಿನ್ ತೀರಿಕೊಂಡರು. ಆ ಬೇಸಿಗೆಯಲ್ಲಿ ಅವರ ಜೊತೆಗಾರರಾದ ಲೀಲ್ಯಾಂಡ್ ಬ್ರಾಡ್‌ಫರ್ಡ್, ರೊನಾಲ್ಡ್ ಲಿಪ್ಪಿಟ್ ಮತ್ತು ಕೆನೆತ್ ಬೆನ್ ಸೇರಿ ಮೇನ್ ರಾಜ್ಯದ ಬೆಥೆಲ್ ಅನ್ನೋ ಸಣ್ಣ ಊರಿನಲ್ಲಿ ಮೂರು ವಾರದ ಶಿಬಿರ ಮಾಡಿದರು. ಅಲ್ಲಿಂದ ಹುಟ್ಟಿದ್ದು ಟಿ-ಗ್ರೂಪ್, ಅಂದರೆ ಟ್ರೈನಿಂಗ್ ಗ್ರೂಪ್.

ಟಿ-ಗ್ರೂಪ್‌ನಲ್ಲಿ ಏನಾಗುತ್ತೆ?

ಹತ್ತು ಹನ್ನೆರಡು ಜನ ವೃತ್ತಾಕಾರದಲ್ಲಿ ಕೂತಿರ್ತಾರೆ. ಅಜೆಂಡಾ ಇಲ್ಲ, ಸ್ಲೈಡ್ ಇಲ್ಲ. ನಡೆಸೋರು ಮೊದಲಿಗೆ ಒಂದೆರಡು ಮಾತು ಹೇಳಿ ಸುಮ್ಮನಾಗಿಬಿಡ್ತಾರೆ. ಐದು ನಿಮಿಷದಲ್ಲಿ ಎಲ್ಲರಿಗೂ ಚಡಪಡಿಕೆ. ಒಬ್ಬರು "ಎಲ್ಲರೂ ಪರಿಚಯ ಮಾಡಿಕೊಳ್ಳೋಣ" ಅಂತಾರೆ. ಇನ್ನೊಬ್ಬರು "ಯಾರಾದರೂ ಲೀಡರ್ ಆಗ್ರಪ್ಪ" ಅಂತಾರೆ. ಮತ್ತೊಬ್ಬರಿಗೆ ಸಿಟ್ಟು, "ದುಡ್ಡು ಕೊಟ್ಟು ಬಂದಿದ್ದೀವಿ, ನೀವು ಯಾಕೆ ಏನೂ ಹೇಳಿಕೊಡ್ತಿಲ್ಲ?" ಅಂತ ಕೇಳ್ತಾರೆ. ಯಾರೋ ಜೋಕ್ ಹೇಳಿ ಬಿಗಿ ಸಡಿಲ ಮಾಡ್ತಾರೆ. ಇಬ್ಬರು ಬಾಯೇ ಬಿಡಲ್ಲ.

ಪಾಠದ ಪುಸ್ತಕ ಅದೇ. ಖಾಲಿ ಜಾಗ ಕಂಡ ಕೂಡಲೇ ನಾನು ಏನು ಮಾಡ್ತೀನಿ? ಅಧಿಕಾರ ಹಿಡೀತೀನಾ, ಯಾರಾದರೂ ಹಿಡೀಲಿ ಅಂತ ಕಾಯ್ತೀನಾ, ಜಗಳ ಬಂದರೆ ನಗಿಸಿ ತಪ್ಪಿಸಿಕೊಳ್ತೀನಾ? ಎರಡನೇ ದಿನದ ಹೊತ್ತಿಗೆ ಜನ ಒಬ್ಬರಿಗೊಬ್ಬರು ಹೇಳೋಕೆ ಶುರು ಮಾಡ್ತಾರೆ: "ನಾನು ಮಾತು ಮುಗಿಸೋ ಮುಂಚೆ ನೀವು ಉತ್ತರ ಕೊಟ್ಟಾಗ ನನಗೆ ಸಣ್ಣವನಾದ ಹಾಗೆ ಅನಿಸುತ್ತೆ." ಕೇಳಿದವರಿಗೆ ಆಶ್ಚರ್ಯ. ಇಪ್ಪತ್ತು ವರ್ಷದಿಂದ ಹಾಗೆ ಮಾಡ್ತಿದ್ದರೂ ಅವರಿಗೆ ಯಾರೂ ಹೇಳಿರಲಿಲ್ಲ.

ಈ ದಾರಿ ನಮ್ಮ ದೇಶಕ್ಕೂ ಬೇಗ ಬಂತು. 1950ರ ದಶಕದ ಕೊನೆಯಲ್ಲಿ ನಮ್ಮ ಮೈಸೂರಿನ ಬಳಿ ಆಲೋಕ ಅನ್ನೋ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಇತ್ತು. ರೋಲ್ಫ್ ಲಿಂಟನ್ ಅದನ್ನ ನಡೆಸ್ತಿದ್ದರು. ಬೇರೆ ಬೇರೆ ದೇಶಗಳ ಯುವ ಕಾರ್ಯಕರ್ತರು ಅಲ್ಲಿ ಒಟ್ಟಿಗೆ ಇದ್ದು, ತಮ್ಮ ಗುಂಪಿನ ಅನುಭವದಿಂದಲೇ ಕಲೀತಿದ್ದರು. ಲಿಂಟನ್ ಮತ್ತು ಉದಯ್ ಪಾರೀಕ್ ಸೇರಿ 1967ರಲ್ಲಿ ಬರೆದ ‘ಟ್ರೈನಿಂಗ್ ಫಾರ್ ಡೆವಲಪ್‌ಮೆಂಟ್’ ಪುಸ್ತಕವನ್ನ ತರಬೇತಿ ಕ್ಷೇತ್ರದವರು ಬಹಳ ಕಾಲ ಓದಿಕೊಂಡು ಬಂದಿದ್ದಾರೆ. ಇಂಡಿಯನ್ ಸೊಸೈಟಿ ಫಾರ್ ಅಪ್ಲೈಡ್ ಬಿಹೇವಿಯರಲ್ ಸೈನ್ಸ್ ಅನ್ನೋ ಸಂಸ್ಥೆ 1970ರ ದಶಕದಿಂದ ಇಂಥ ಲ್ಯಾಬ್‌ಗಳನ್ನ ನಡೆಸಿಕೊಂಡು ಬಂದಿದೆ. ನಮ್ಮ ಊರುಗಳಲ್ಲಿ ಶಿಕ್ಷಕರ ತರಬೇತಿಗೆ ಹೋದವರನ್ನ ಕೇಳಿ ನೋಡಿ, ಫೆಸಿಲಿಟೇಟರ್‌ಗೆ ‘ಸುಗಮಕಾರರು’ ಅಂತಾರೆ. ದಾರಿ ಸುಗಮ ಮಾಡಿಕೊಡೋರು. ನಡೆಯೋರು ಬೇರೆ.

ಅರಿವು ಬೆಳೆಯೋದು ಅಂದರೆ ಏನು?

‘ಕಾನ್ಷಿಯಸ್‌ನೆಸ್’ ಅಂದ ಕೂಡಲೇ ಧ್ಯಾನ, ಸಮಾಧಿ, ಬೆಳಕು ಅಂತ ಮಾತು ಎಲ್ಲೆಲ್ಲೋ ಹೋಗುತ್ತೆ. ಇಲ್ಲಿ ನಾನು ಹೇಳ್ತಿರೋದು ಅಷ್ಟು ದೊಡ್ಡದಲ್ಲ. ಹಾರ್ವರ್ಡ್‌ನ ರಾಬರ್ಟ್ ಕೀಗನ್ ಅನ್ನೋ ಮನಃಶಾಸ್ತ್ರಜ್ಞ ವಯಸ್ಕರ ಮನಸ್ಸು ಬೆಳೆಯೋ ಬಗೆಯನ್ನೇ ತಮ್ಮ ಜೀವಮಾನದ ವಿಷಯ ಮಾಡಿಕೊಂಡವರು. ಅವರ ಮೊದಲ ಮುಖ್ಯ ಪುಸ್ತಕ ‘ದಿ ಇವಾಲ್ವಿಂಗ್ ಸೆಲ್ಫ್’ ಬಂದಿದ್ದು 1982ರಲ್ಲಿ. ಅವರ ಮೂಲ ಮಾತನ್ನ ನಮ್ಮ ಅನುಭವದಿಂದಲೇ ಹೇಳ್ತೀನಿ.

ಧಾರವಾಡದಲ್ಲಿ ಹುಟ್ಟಿ ಬೆಳೆದವರಿಗೆ ತಾವು ‘ಧಾರವಾಡ ಕನ್ನಡ’ ಮಾತಾಡ್ತೀವಿ ಅಂತ ಅಲ್ಲಿರೋವರೆಗೆ ಅನಿಸೋದೇ ಇಲ್ಲ. ಅವರ ಪಾಲಿಗೆ ಅದು ಕನ್ನಡ, ಅಷ್ಟೇ. ಚೆನ್ನೈಗೆ ಬಂದು ಮಂಗಳೂರಿನವರ ಜೊತೆ, ಮಂಡ್ಯದವರ ಜೊತೆ ಒಂದೇ ಫ್ಲಾಟ್‌ನಲ್ಲಿ ಇರೋಕೆ ಶುರು ಮಾಡಿದ ಮೇಲೆ ಯಾರೋ "ನೀವು ಎಷ್ಟು ಸಲ ‘ರೀ’ ಅಂತೀರಲ್ಲ" ಅಂತಾರೆ. ಅವತ್ತು ಮೊದಲ ಸಲ ಅವರಿಗೆ ತಮ್ಮ ಮಾತು ಕೇಳಿಸುತ್ತೆ. ಅಲ್ಲಿವರೆಗೆ ಅವರು ಆ ಮಾತಿನ ಒಳಗೆ ಇದ್ದರು. ಈಗ ಆ ಮಾತು ಅವರ ಕೈಯಲ್ಲಿದೆ. ಬೇಕಾದಾಗ ಬಳಸಬಹುದು, ಬೇರೆಯವರಿಗೆ ಅರ್ಥ ಆಗದಿದ್ದಾಗ ಬದಲಿಸಬಹುದು, ಹೆಮ್ಮೆಯಿಂದ ಉಳಿಸಿಕೊಳ್ಳಲೂಬಹುದು.

ಕೀಗನ್ ಹೇಳೋ ಬೆಳವಣಿಗೆ ಇದೇ. ಮೊದಲು ಯಾವುದರ ಒಳಗಿದ್ದು ಅದರ ಮೂಲಕವೇ ಲೋಕವನ್ನ ನೋಡ್ತಿದ್ದೆವೋ, ಅದನ್ನ ಎದುರಿಗಿಟ್ಟು ನೋಡೋ ಶಕ್ತಿ ಬರೋದು. ವಯಸ್ಕರಲ್ಲಿ ಇದರ ಮೂರು ಹಂತಗಳನ್ನ ಅವರು ವಿವರಿಸ್ತಾರೆ. ಮೊದಲನೆಯದರಲ್ಲಿ ಸುತ್ತಲಿನವರ ನಿರೀಕ್ಷೆಯೇ ನಾನು. ಮ್ಯಾನೇಜರ್ ಮುಖ ಗಂಟು ಹಾಕಿದರೆ ನನ್ನ ದಿನ ಹಾಳು. ಅಪ್ಪ ಅಮ್ಮ, ಟೀಮು, ನೆಂಟರು ಏನಂತಾರೋ ಅದೇ ನನ್ನ ಅಳತೆಗೋಲು. ಎರಡನೆಯದರಲ್ಲಿ ಆ ನಿರೀಕ್ಷೆಗಳನ್ನ ದೂರ ಇಟ್ಟು ನೋಡಿ, ಇದು ಬೇಕು, ಇದು ಬೇಡ ಅಂತ ನಾನೇ ತೀರ್ಮಾನ ಮಾಡ್ತೀನಿ. ನನ್ನದೇ ಒಂದು ನಿಲುವು ಇರುತ್ತೆ. ಮೂರನೆಯದರಲ್ಲಿ ಆ ನನ್ನ ನಿಲುವನ್ನೇ ಎದುರಿಗಿಟ್ಟು, ಇದಕ್ಕೂ ಒಂದು ಮಿತಿ ಇದೆ, ಎದುರಿಗಿರೋರ ನಿಲುವಿನಲ್ಲೂ ನನಗೆ ಕಾಣದ ಏನೋ ಇದೆ ಅಂತ ನೋಡಬಲ್ಲೆ.

ವಯಸ್ಸಾದ ಹಾಗೆ ಈ ಹಂತಗಳು ತಾನಾಗಿ ಬರಲ್ಲ. ನಮ್ಮೊಳಗೇ ಕೂತು ಯೋಚಿಸಿದರೂ ಸುಲಭಕ್ಕೆ ಬರಲ್ಲ. ನಮ್ಮ ಮಾತಿನ ಧಾಟಿ ನಮಗೇ ಕೇಳಿಸದ ಹಾಗೆ, ನಾವು ಯಾವುದರ ಒಳಗಿದ್ದೀವೋ ಅದು ನಮಗೆ ಕಾಣಲ್ಲ. ಬೇರೆ ಮನುಷ್ಯರು ಬೇಕು. ಗುಂಪಿನ ನಿಜವಾದ ಉಪಯೋಗ ಇಲ್ಲಿದೆ. ನ್ಯೂ ಬ್ರಿಟನ್‌ನ ಆ ಮಹಿಳೆಗೆ ಸಂಜೆ ಸಭೆಯಲ್ಲಿ ಸಿಕ್ಕಿದ್ದು ಇದೇ ಅವಕಾಶ.

ಆದರೆ ಕೀಗನ್ ಇನ್ನೊಂದು ಮಾತನ್ನೂ ಹೇಳ್ತಾರೆ. ಬೆಳೆಯೋ ಮನುಷ್ಯನಿಗೆ ಸುತ್ತಲಿನವರಿಂದ ಮೂರು ಬೇಕು. ಒಂದು, ನೀನು ಈಗ ಇರೋ ಹಾಗೇ ನಮ್ಮವನು ಅನ್ನೋ ಆಸರೆ. ಎರಡು, ಸಮಯ ಬಂದಾಗ ಅವನ ನೋಟವನ್ನ ಪ್ರಶ್ನಿಸಿ, ಅವನನ್ನ ಹಿಡಿದಿಟ್ಟುಕೊಳ್ಳದೆ ಬಿಡೋದು. ಮೂರು, ಅವನು ಬದಲಾಗ್ತಿರೋ ಕಷ್ಟದ ಹೊತ್ತಿನಲ್ಲಿ ಜೊತೆ ಬಿಟ್ಟು ಹೋಗದೆ ಇರೋದು. ನಾನು ಆ ಹುಡುಗನಿಗೆ ಎರಡನೆಯದನ್ನ ಮಾತ್ರ ಕೊಟ್ಟೆ. ಮೊದಲನೆಯದೂ ಇರಲಿಲ್ಲ, ಮೂರನೆಯದೂ ಇರಲಿಲ್ಲ.

ಪೆಟ್ಟು ತಿಂದವರ ಲೆಕ್ಕ

1960ರ ದಶಕಕ್ಕೆ ಬನ್ನಿ. ಬೆಥೆಲ್‌ನಲ್ಲಿ ಶಿಸ್ತಾಗಿ ಶುರುವಾಗಿದ್ದು ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಸೇರಿ ‘ಎನ್‌ಕೌಂಟರ್ ಗ್ರೂಪ್’ ಆಗಿತ್ತು. 1962ರಲ್ಲಿ ಶುರುವಾದ ಎಸಲೆನ್ ಸಂಸ್ಥೆ ಇದರ ದೊಡ್ಡ ಕೇಂದ್ರ. ರಾತ್ರಿಯಿಡೀ ನಿದ್ದೆಗೆಟ್ಟು ಕೂರೋದು, ಒಬ್ಬರನ್ನೊಬ್ಬರು ಬೈದು ‘ಸತ್ಯ’ ಹೇಳೋದು, ಅಳೋದು, ಅಪ್ಪಿಕೊಳ್ಳೋದು. ಎಷ್ಟು ಗಟ್ಟಿಯಾಗಿ ಅತ್ತರೋ ಅಷ್ಟು ಬದಲಾದರು ಅನ್ನೋ ನಂಬಿಕೆ.

ಇದನ್ನ ಅಳೆದು ನೋಡೋಣ ಅಂತ ಹೊರಟವರು ಮಾರ್ಟನ್ ಲೀಬರ್‌ಮನ್, ಇರ್ವಿನ್ ಯಾಲೊಮ್ ಮತ್ತು ಮ್ಯಾಥ್ಯೂ ಮೈಲ್ಸ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನ ಹದಿನೆಂಟು ಗುಂಪು ಮಾಡಿದರು. ಬೇರೆ ಬೇರೆ ಪಂಥದ ಅನುಭವಿ ನಾಯಕರಿಗೆ ಆ ಗುಂಪುಗಳನ್ನ ವಹಿಸಿದರು. ಮುಂಚೆ, ಮುಗಿದ ಕೂಡಲೇ, ಮತ್ತೆ ತಿಂಗಳುಗಳ ನಂತರ ಅವರನ್ನ ಪರೀಕ್ಷಿಸಿದರು. 1973ರಲ್ಲಿ ಅದು ‘ಎನ್‌ಕೌಂಟರ್ ಗ್ರೂಪ್ಸ್: ಫಸ್ಟ್ ಫ್ಯಾಕ್ಟ್ಸ್’ ಅನ್ನೋ ಪುಸ್ತಕವಾಗಿ ಬಂತು.

ಸುಮಾರು ಮೂರನೇ ಒಂದು ಭಾಗ ಜನರಿಗೆ ನಿಜವಾಗಿ ಒಳ್ಳೆಯದಾಗಿತ್ತು. ಆದರೆ ಹದಿನಾರು ಜನರಿಗೆ ಬಹಳ ದಿನ ಉಳಿಯೋ ಹಾಗೆ ಮನಸ್ಸಿಗೆ ಪೆಟ್ಟಾಗಿತ್ತು. ಈ ಅಧ್ಯಯನದ ಮೂರು ಫಲಿತಾಂಶಗಳು ನಮಗೆ ಮುಖ್ಯ.

ಮೊದಲನೆಯದು, ಗುಂಪಿನ ಬೋರ್ಡ್ ಮೇಲೆ ಯಾವ ಪಂಥದ ಹೆಸರಿದೆ ಅನ್ನೋದರಿಂದ ಏನೂ ಹೇಳೋಕಾಗಲ್ಲ. ಒಂದೇ ಪಂಥದ ಇಬ್ಬರು ನಾಯಕರು ಗುಂಪಿನಲ್ಲಿ ಪೂರ್ತಿ ಬೇರೆ ಥರ ನಡೆದುಕೊಳ್ತಿದ್ದರು. ಫಲ ನಿಂತಿದ್ದು ಆ ನಡವಳಿಕೆಯ ಮೇಲೆ.

ಎರಡನೆಯದು, ಅವರು ನಾಯಕರ ನಡವಳಿಕೆಯಲ್ಲಿ ನಾಲ್ಕು ಅಂಶಗಳನ್ನ ಗುರುತಿಸಿದರು. ಭಾವನೆ ಕೆರಳಿಸೋದು, ಕಾಳಜಿ ತೋರೋದು, ಆಗ್ತಿರೋದಕ್ಕೆ ಅರ್ಥ ಕೊಡೋದು, ಸಮಯ ಮತ್ತು ನಿಯಮ ನೋಡಿಕೊಳ್ಳೋದು. ಕಾಳಜಿ ಮತ್ತು ಅರ್ಥ ಈ ಎರಡೂ ಹೆಚ್ಚಿದ್ದು, ಕೆರಳಿಸೋದು ಮತ್ತು ನಿಯಮ ಹದವಾಗಿದ್ದ ಗುಂಪುಗಳಲ್ಲಿ ಜನಕ್ಕೆ ಹೆಚ್ಚು ಒಳ್ಳೆಯದಾಯ್ತು. ಪೆಟ್ಟು ಹೆಚ್ಚು ಬಿದ್ದಿದ್ದು, ವರ್ಚಸ್ಸು ಇದ್ದ, ಮುನ್ನುಗ್ಗಿ ಚುಚ್ಚಿ ಕೇಳೋ, ಎಲ್ಲರೂ ಈಗಲೇ ಬಿಚ್ಚಿ ಮಾತಾಡಬೇಕು ಅಂತ ಒತ್ತಾಯ ಮಾಡೋ ನಾಯಕರ ಗುಂಪುಗಳಲ್ಲಿ.

ಮೂರನೆಯದನ್ನ ಓದಿದಾಗ ನನಗೆ ಆ ಕ್ಯಾಂಟೀನ್ ನೆನಪಾಯ್ತು. ಯಾರಿಗೆ ಪೆಟ್ಟಾಗಿದೆ ಅಂತ ಕಂಡುಹಿಡಿಯೋಕೆ ಸಂಶೋಧಕರು ಹಲವು ದಾರಿ ಹಿಡಿದರು. ನಾಯಕರನ್ನ ಕೇಳಿದರು, ಅವರಿಗೆ ಸರಿಯಾಗಿ ಹೇಳೋಕಾಗಲಿಲ್ಲ. ಎಲ್ಲಕ್ಕಿಂತ ಸರಿಯಾಗಿ ಹೇಳಿದ್ದು ಜೊತೆಯಲ್ಲಿ ಕೂತಿದ್ದ ಗುಂಪಿನವರು.

ನಿಮ್ಮ ಶುಕ್ರವಾರದ ರೆಟ್ರೋಗೆ ಬರೋಣ

ಐಟಿಯವರಾದ ನಮಗೆ ಈ ಪರಂಪರೆ ಬಂದಿರೋದು ರೆಟ್ರೋ ರೂಪದಲ್ಲಿ. 2001ರ ಅಜೈಲ್ ಪ್ರಣಾಳಿಕೆಯ ಹನ್ನೆರಡು ತತ್ವಗಳಲ್ಲಿ ಕೊನೆಯದು, ಟೀಮು ಆಗಾಗ ತನ್ನ ಕೆಲಸದ ರೀತಿಯನ್ನ ತಿರುಗಿ ನೋಡಿ ಸರಿಮಾಡಿಕೊಳ್ಳಬೇಕು ಅಂತ. ಅದೇ ವರ್ಷ ನಾರ್ಮನ್ ಕರ್ತ್ ರೆಟ್ರೋ ಬಗ್ಗೆಯೇ ಒಂದು ಪುಸ್ತಕ ಬರೆದರು. ಎಲ್ಲರೂ ಆಗ ತಮಗೆ ಗೊತ್ತಿದ್ದಷ್ಟರಲ್ಲಿ, ಕೈಗೆ ಸಿಕ್ಕಷ್ಟರಲ್ಲಿ ಆದಷ್ಟು ಚೆನ್ನಾಗಿಯೇ ಕೆಲಸ ಮಾಡಿದ್ದಾರೆ ಅಂತ ಮೊದಲೇ ಒಪ್ಪಿಕೊಂಡು ಕೂರಬೇಕು ಅನ್ನೋದು ಅವರ ಮೊದಲ ನಿಯಮ. ಎಷ್ಟೋ ಟೀಮುಗಳಲ್ಲಿ ಇದು ಸ್ಲೈಡಿನ ಮೇಲೆ ಇರುತ್ತೆ, ರೂಮಿನಲ್ಲಿ ಇರಲ್ಲ.

ಎಸ್ತರ್ ಡರ್ಬಿ ಮತ್ತು ಡಯಾನಾ ಲಾರ್ಸೆನ್ 2006ರಲ್ಲಿ ರೆಟ್ರೋವನ್ನ ಐದು ಹೆಜ್ಜೆಯಾಗಿ ಬಿಡಿಸಿ ಹೇಳಿದರು. ಮೊದಲು ಎಲ್ಲರನ್ನ ಮಾತಿಗೆ ಅಣಿ ಮಾಡೋದು, ಆಮೇಲೆ ಏನಾಯ್ತು ಅನ್ನೋದನ್ನ ಸೇರಿಸೋದು, ಯಾಕಾಯ್ತು ಅಂತ ನೋಡೋದು, ಏನು ಮಾಡಬೇಕು ಅಂತ ತೀರ್ಮಾನಿಸೋದು, ಕೊನೆಗೆ ಮುಗಿಸೋದು. ನಾವು ಮಾಡೋದೇನು? ಮೊದಲ ಮೂರನ್ನ ಐದು ನಿಮಿಷದಲ್ಲಿ ಹಾರಿಸಿ ನೇರ ಆ್ಯಕ್ಷನ್ ಐಟಮ್‌ಗೆ ಹೋಗ್ತೀವಿ. ಅರಿವು ಹುಟ್ಟೋ ಜಾಗವೇ ಆ ಮೂರು.

ನಾನು ಪೆಟ್ಟು ಕೊಟ್ಟು ಕಲಿತಿದ್ದನ್ನ ಪಟ್ಟಿ ಮಾಡಿ ಹೇಳ್ತೀನಿ. ರೆಟ್ರೋಗೂ ಸರಿ, ಅಪಾರ್ಟ್‌ಮೆಂಟ್ ಕಮಿಟಿಗೂ ಸರಿ, ನಿಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಮೀಟಿಂಗಿಗೂ ಸರಿ.

ಮೊದಲು ಬರೆಯೋಕೆ ಬಿಡಿ, ಆಮೇಲೆ ಮಾತು. ಎರಡು ಮೂರು ನಿಮಿಷ ಎಲ್ಲರೂ ಸುಮ್ಮನೆ ಚೀಟಿಯಲ್ಲಿ ಬರೀಲಿ. ತಲೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ವಾಕ್ಯ ಕಟ್ಟೋರಿಗೆ ಈ ಎರಡು ನಿಮಿಷ ಬಹಳ ದೊಡ್ಡದು. ಜೋರು ಮಾತಿನವರು ವಿಷಯ ಬದಲಿಸೋ ಹೊತ್ತಿಗೆ ಇವರ ವಾಕ್ಯ ತಯಾರಾಗಿರುತ್ತೆ, ಅಷ್ಟರಲ್ಲಿ ಅದರ ಸಮಯ ಹೋಗಿರುತ್ತೆ. ಮೌನ ಅಂದರೆ ಭಯ ಅಥವಾ ಅಪನಂಬಿಕೆ ಅಂತ ತೀರ್ಮಾನ ಮಾಡೋ ಮುಂಚೆ ಭಾಷೆಯ ವಿಷಯ ನೋಡಿ.

ಸರದಿಯಲ್ಲಿ ಎಲ್ಲರಿಗೂ ಅವಕಾಶ ಕೊಡಿ, ‘ಪಾಸ್’ ಅನ್ನೋಕೂ ಅವಕಾಶ ಕೊಡಿ. ಇಲ್ಲ ಅನ್ನೋ ಸ್ವಾತಂತ್ರ್ಯ ಇದ್ದಾಗ ಮಾತ್ರ ಹೇಳಿದ ಮಾತಿಗೆ ಬೆಲೆ.

ಕಂಡಿದ್ದನ್ನ ಹೇಳಿ, ಮನುಷ್ಯನ ಗುಣದ ಮೇಲೆ ತೀರ್ಪು ಹೇಳಬೇಡಿ. "ನೀನು ಟೀಮನ್ನ ನಂಬಲ್ಲ" ಅನ್ನೋದು ತೀರ್ಪು. "ಕಳೆದ ಮೂರು ಮೀಟಿಂಗ್‌ನಲ್ಲಿ ನಿನ್ನ ಮಾತು ನನಗೆ ಕೇಳಿಸಲಿಲ್ಲ, ಮೀಟಿಂಗ್ ನಡೆಯೋ ರೀತಿಯಲ್ಲಿ ಏನಾದರೂ ತೊಂದರೆ ಇದ್ಯಾ?" ಅನ್ನೋದು ಕಂಡಿದ್ದು. ಅದನ್ನ ಎಲ್ಲರ ಮುಂದೆ ಕೇಳಬೇಡಿ, ಚಹಾಗೆ ಕರೆದುಕೊಂಡು ಹೋಗಿ ಕೇಳಿ.

ನಿಮ್ಮ ಬಗ್ಗೆಯೂ ಫೀಡ್‌ಬ್ಯಾಕ್ ಬರೋ ದಾರಿ ಇಟ್ಟುಕೊಳ್ಳಿ. ನಾಯಕರಿಗೆ ಪೆಟ್ಟು ಕಾಣಲ್ಲ ಅಂತ ಸ್ಟ್ಯಾನ್‌ಫರ್ಡ್ ಅಧ್ಯಯನ ಹೇಳಿದ್ದನ್ನ ನೆನಪಿಡಿ. ಟೀಮಿನಲ್ಲಿ ನೀವು ನಂಬೋ ಒಬ್ಬರಿಗೆ ಮೊದಲೇ ಹೇಳಿಡಿ: ಇವತ್ತು ಯಾರಿಗಾದರೂ ನೋವಾದ ಹಾಗೆ ಕಂಡರೆ ಸಂಜೆಯೊಳಗೆ ನನಗೆ ಹೇಳಿ. ನನಗೆ ಇದನ್ನ ಆ ದಿನವೇ ಹೇಳೋರು ಇದ್ದಿದ್ದರೆ ಮರುದಿನವೇ ಆ ಹುಡುಗನ ಜೊತೆ ಮಾತಾಡಬಹುದಿತ್ತು.

ವಾರಾಂತ್ಯದ ‘ಬದುಕು ಬದಲಿಸೋ’ ಶಿಬಿರಗಳು

ಊರು ಬಿಟ್ಟು ದೂರ ಇರೋರಿಗೆ ಒಂಟಿತನ ಇರುತ್ತೆ. ಅದಕ್ಕೇ ಇಂಥ ಶಿಬಿರಗಳು ಮುಂಬೈ, ಹೈದರಾಬಾದ್, ದೆಹಲಿ ಎಲ್ಲ ಕಡೆ ಚೆನ್ನಾಗಿ ನಡೆಯುತ್ತವೆ. ಹೋಗಬೇಡಿ ಅಂತ ನಾನು ಹೇಳಲ್ಲ. ಒಳ್ಳೆ ಗುಂಪಿನಲ್ಲಿ ಮೂರು ದಿನ ಕೂತರೆ ಎಷ್ಟೋ ವರ್ಷದಿಂದ ಕಾಣದಿದ್ದದ್ದು ಕಾಣಬಹುದು. ದುಡ್ಡು ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಮಾತಾಡಲ್ಲ ಅನ್ನೋಕೆ, ಮಧ್ಯದಲ್ಲಿ ಎದ್ದು ಹೋಗೋಕೆ ಅವಕಾಶ ಇದ್ಯಾ? ಬರೋರ ಮಾನಸಿಕ ಆರೋಗ್ಯದ ಬಗ್ಗೆ ಮೊದಲೇ ವಿಚಾರಿಸ್ತಾರಾ? ನಡೆಸೋರಿಗೆ ತರಬೇತಿ ಎಲ್ಲಿ ಆಗಿದೆ, ಅವರ ಕೆಲಸವನ್ನ ಯಾರು ನೋಡ್ತಾರೆ? ಮುಗಿದ ವಾರದ ನಂತರ ಹೇಗಿದ್ದೀರಿ ಅಂತ ಯಾರಾದರೂ ಕೇಳ್ತಾರಾ? ಉತ್ತರದ ಬದಲು "ಅದೇ ನಿಮ್ಮ ರೆಸಿಸ್ಟೆನ್ಸ್" ಅಂತ ನಿಮ್ಮ ಮೇಲೇ ತಿರುಗಿಸಿದರೆ, ದುಡ್ಡು ಉಳಿಸಿಕೊಂಡು ಮನೆಗೆ ಬನ್ನಿ.

ಕೊನೆಗೆ ಆ ಹುಡುಗನ ವಿಷಯ. ಇದನ್ನೆಲ್ಲ ಓದಿದ ಮೇಲೆ ಅವನಿಗೊಂದು ಮೆಸೇಜ್ ಹಾಕಿದೆ. ಅವತ್ತು ಎಲ್ಲರ ಮುಂದೆ ಹಾಗೆ ಕೇಳಿದ್ದು ತಪ್ಪಾಯ್ತು, ನಿನಗೆ ನೋವಾಗಿದ್ದು ನನಗೆ ಕಾಣಲೇ ಇಲ್ಲ ಅಂತ ಕನ್ನಡದಲ್ಲೇ ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು. "ಇರ್ಲಿ ಬಿಡ್ರೀ ಸರ್. ಆ ರಿಲೀಸ್ ಯಾಕ ಕೆಟ್ಟಿತ್ತು ಅಂತ ನನಗ ಗೊತ್ತಿತ್ತು. ಸ್ಕ್ರಿಪ್ಟ್‌ನ್ಯಾಗ ಒಂದು ಪಾತ್ ತಪ್ಪಿತ್ತು. ಅದನ್ನ ಹ್ಯಾಂಗ ಹೇಳಬೇಕು ಅಂತ ಇಂಗ್ಲಿಷ್‌ನ್ಯಾಗ ಬರಕೊಳ್ಳಾಕತ್ತಿದ್ದೆ, ಅಷ್ಟರಾಗ ನೀವು ಕೇಳಿದ್ರಿ."

ಅವನ ಕೈಯಲ್ಲಿದ್ದ ನೋಟ್‌ಪ್ಯಾಡ್‌ನಲ್ಲಿ ಇದ್ದದ್ದು ಅದು. ನಾವು ಒಂಬತ್ತು ಜನ ಒಂದು ಗಂಟೆ ಹುಡುಕ್ತಿದ್ದ ಉತ್ತರ.

ಮುಂದಿನ ರೆಟ್ರೋದಲ್ಲಿ ಮಾತು ಶುರು ಮಾಡೋ ಮುಂಚೆ ಆ ಎರಡು ನಿಮಿಷ ಬರೆಯೋಕೆ ಬಿಟ್ಟು ನೋಡಿ.